ಗುಂಡಣ್ಣನವರ ಹಿಂದಿನ ಬ್ರೇಕು

ಕಾರನ್ನು ಓಡಿಸುವುದಕ್ಕಾಗಿ ಕೊಳ್ಳುತ್ತಾರೆಂದು ನಂಬಿದವರು ಡೊಂಬಿವಲಿಯನ್ನು ಕಂಡವರಲ್ಲ. ಇಲ್ಲಿ ಮನುಷ್ಯ ಓಡುತ್ತಾನೆ, ಕಾರು ನಿಂತಿರುತ್ತದೆ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಒಂದು ಕಾಲನ್ನು ಮಾತ್ರ ನೆಲಕ್ಕೆ ಊರಿ, ಇನ್ನೊಬ್ಬರ ಬೆವರನ್ನು ತನ್ನ ಬೆನ್ನಿಗೆ ಹೊತ್ತು ಮುಂಬಯಿಗೆ ಹೋಗಿ ಬರುವ ಗೃಹಸ್ಥ, ಸಂಜೆ ಕಟ್ಟಡದ ಕೆಳಗೆ ಮುಸುಕು ಹಾಕಿಕೊಂಡು ಮಲಗಿರುವ ತನ್ನ ಕಾರನ್ನು ನೋಡಿ ಎದೆ ಉಬ್ಬಿಸುತ್ತಾನೆ. ಓಡದ ವಸ್ತುವಿನ ಒಡೆತನಕ್ಕೆ ಇಷ್ಟು ಗರ್ವ ಪಡುವ ಜನ ಭೂಮಿಯ ಮೇಲೆ ಬೇರೆಲ್ಲಿಯೂ ಇರಲಾರರು. ಇದನ್ನು ಕಂಡು ಸಿಟ್ಟಾಗಬೇಕಾದವರು ಸಿಟ್ಟಾಗುವುದಿಲ್ಲವಾದ್ದರಿಂದ ಆ ಕೆಲಸವೂ ನಮ್ಮ ಪಾಲಿಗೇ ಬಂದಿದೆ.

ಇಂಥ ಗೃಹಸ್ಥರಲ್ಲಿ ಅಗ್ರಗಣ್ಯರು ಗುಂಡಣ್ಣನವರು. ಮೈಸೂರಿನವರು, ಮುಂಬಯಿಯ ಹಣಕಾಸು ಕಂಪನಿಯೊಂದರಲ್ಲಿ ಹಿರಿಯ ಲೆಕ್ಕಾಧಿಕಾರಿ, ಡೊಂಬಿವಲಿ ಪೂರ್ವದ ನವಚೈತನ್ಯ ಸೊಸೈಟಿಯ ಎರಡನೆಯ ಮಹಡಿಯ ನಿವಾಸಿ. ಕಳೆದ ಶತಮಾನದಲ್ಲಿ ತಯಾರಾದ ಅವರ ಬಿಳಿ ಕಾರು ವರ್ಷದಲ್ಲಿ ಒಂದು ದಿನ, ಆಯುಧಪೂಜೆಯಂದು, ನಾಲ್ಕು ನಿಂಬೆಹಣ್ಣುಗಳ ಮೇಲೆ ಹತ್ತಿ ಇಳಿಯುವಷ್ಟು ದೂರ ಸಂಚರಿಸುತ್ತಿತ್ತು. ಉಳಿದ ದಿನಗಳಲ್ಲಿ ಅದರ ಕೆಲಸವೆಂದರೆ ಗುಂಡಣ್ಣನವರ ಉಪದೇಶಗಳಿಗೆ ಉದಾಹರಣೆಯಾಗಿ ನಿಲ್ಲುವುದು. "ಯಂತ್ರಕ್ಕೆ ಶಿಸ್ತು ಕಲಿಸಿದರೆ ಯಂತ್ರ ಕೈ ಕೊಡುವುದಿಲ್ಲ. ನೋಡಿ, ಹ್ಯಾಂಡ್‌ಬ್ರೇಕನ್ನು ನಾನು ಯಾವತ್ತೂ ಪೂರ್ತಿ ಮೇಲಕ್ಕೆ ಎಳೆದೇ ಕಾರು ಬಿಟ್ಟಿಳಿಯೋದು" ಎಂದು ಅವರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕವನಿಗೆ ಓಡಿಹೋಗುವ ಅನುಕೂಲ ಇಲ್ಲವೆಂಬುದನ್ನು ಗಮನಿಸಬೇಕು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಳೆದ ವಾರ್ಷಿಕ ಸಭೆಯಲ್ಲಿ ಅವರು ಎದ್ದು ನಿಂತು, ಸೊಸೈಟಿಯ ಆವರಣದಲ್ಲಿ ಕೆಲಸ ಮಾಡದೆ ನಿಂತಿರುವ ಯಾವ ವಾಹನವನ್ನಾದರೂ ಭಂಗಾರ್, ಅಂದರೆ ಗುಜರಿ, ಎಂದು ಸಾರಿ ಹೊರಕ್ಕೆ ಹಾಕತಕ್ಕದ್ದು, ಅದರ ಜಾಗವನ್ನು ಸೊಸೈಟಿ ವಶಪಡಿಸಿಕೊಳ್ಳತಕ್ಕದ್ದು ಎಂದು ನಿರ್ಣಯ ಮಂಡಿಸಿದರು. ಚಹಾ ತಣ್ಣಗಾಗುತ್ತಿದ್ದುದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಮೂರನೆಯ ಮಹಡಿಯ ಸೈದಪ್ಪನವರ ಸ್ಕೂಟರು ಮರುವಾರವೇ ಗುಜರಿಗೆ ಹೋಯಿತು. ಸೈದಪ್ಪನವರು ಅಂದಿನಿಂದ ಗುಂಡಣ್ಣನವರ ಕಾರನ್ನು ದಿನವೂ ನೋಡುತ್ತಿದ್ದರು. ವೈದ್ಯ ರೋಗಿಯನ್ನು ನೋಡುವಂತೆ ಅಲ್ಲ, ಹೆಣ ಹೊರುವವನು ರೋಗಿಯನ್ನು ನೋಡುವಂತೆ.

ಆ ವರ್ಷ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯಿತು. ಕಾರು ಪೂರ್ತಿ ಎಳೆದ ಹ್ಯಾಂಡ್‌ಬ್ರೇಕಿನೊಂದಿಗೆ ಆ ನೀರಿನಲ್ಲಿ ನಿಂತಿತ್ತು. ಸಾಲದ್ದಕ್ಕೆ, ಆಯುಧಪೂಜೆಯ ಹಿಂದಿನ ದಿನ ಗುಂಡಣ್ಣನವರು ಪೈಪು ಹಿಡಿದು ಹಿಂದಿನ ಚಕ್ರಗಳ ಒಳಭಾಗಕ್ಕೆಲ್ಲ ನೀರು ನುಗ್ಗಿಸಿ, ದೇವರ ಎದುರಿಗೆ ನಿಲ್ಲುವ ಚಕ್ರದಲ್ಲಿ ಕೊಳೆ ಇರಬಾರದೆಂದು ತೊಳೆದು, ಶಿಸ್ತಿನ ಪ್ರಕಾರ ಹ್ಯಾಂಡ್‌ಬ್ರೇಕನ್ನು ಇನ್ನೊಮ್ಮೆ ಎಳೆದು ಬಿಗಿದರು. ಒಳಗೆ ಬ್ರೇಕಿನ ಲೈನರುಗಳು ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಂಡವು. ಎರಡೂ ಹಿಂದಿನ ಚಕ್ರಗಳು ಗೋಡೆಯ ಹಾಗಾದವು. ಇದು ಓದುಗರಿಗೆ ಗೊತ್ತಾಯಿತು. ಗುಂಡಣ್ಣನವರಿಗೆ ಗೊತ್ತಿರಲಿಲ್ಲ.

ಪೂಜೆಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ ಬಿತ್ತು. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ ಮೂಡಿತು. ಪತ್ನಿ ಸುಬ್ಬಲಕ್ಷ್ಮಿಯವರು ಕುಂಬಳಕಾಯಿ ನಿವಾಳಿಸಿದರು. ಕಾಲೇಜಿಗೆ ಹೋಗುವ ಮಗಳು ಮಾನ್ಯಾ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಗುಂಡಣ್ಣನವರು ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗೇರು ಹಾಕಿದರು. ಕಾರು ಕದಲಲಿಲ್ಲ. ಆಕ್ಸಿಲರೇಟರನ್ನು ಒತ್ತಿದರು. ಕಾರು ಕೂಗಿತು. ಇನ್ನೂ ಒತ್ತಿದರು. ಮುಂದಿನ ಚಕ್ರಗಳು ತಮ್ಮ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಮುಂದೆ ನುಗ್ಗಿದವು. ಹಿಂದಿನ ಚಕ್ರಗಳು ಮಾತ್ರ ಉರುಳದೆ, ತಮ್ಮ ನಿಂಬೆಹಣ್ಣುಗಳನ್ನು ಇಡಿಯಾಗಿ ಮುಂದಕ್ಕೆ ತಳ್ಳಿಕೊಂಡು, ಫರಸಿಕಲ್ಲಿನ ಮೇಲೆ ಎರಡು ಕಪ್ಪು ಗೆರೆ ಎಳೆದು, ಕಿರುಚುತ್ತ ಬಂದವು. ಅರ್ಧ ತನ್ನ ಜಾಗದಲ್ಲಿ, ಅರ್ಧ ಎಲ್ಲರ ದಾರಿಯಲ್ಲಿ ಕಾರು ಆರಿ ನಿಂತಿತು.

"ಹಿಂದಿನ ನಿಂಬೆಹಣ್ಣು ಒಡೀಲಿಲ್ಲ ರೀ," ಎಂದರು ಸುಬ್ಬಲಕ್ಷ್ಮಿಯವರು, ಮುಖ ಬಿಳಚಿಕೊಂಡು.

"ಕಾಯಿ ನಿಂಬೆ ತಂದಿದ್ದೀಯ. ಗಟ್ಟಿ ಇದೆ."

"ಪಪ್ಪಾ, ಗಾಡಿ ಖರಾಬ್ ಹೋ ಗಯೀ," ಎಂದಳು ಮಾನ್ಯಾ. ಸತ್ಯವನ್ನು ಹಿಂದಿಯಲ್ಲಿ ಹೇಳಿದರೆ ತಮಗೆ ಅನ್ವಯಿಸುವುದಿಲ್ಲವೆಂದು ಗುಂಡಣ್ಣನವರು ಬಹಳ ಹಿಂದೆಯೇ ತೀರ್ಮಾನಿಸಿದ್ದರು.

ಮೇಲೆ ಮೂರನೆಯ ಮಹಡಿಯ ಕಿಟಕಿ ತೆರೆಯಿತು. ಸೈದಪ್ಪನವರ ತಲೆ ಹೊರಬಂತು. "ಏನ್ರಿ ಗುಂಡಣ್ಣನವರ, ಗಾಡಿ ನಡಿಯೂದಿಲ್ಲೇನು?"

ಈ ಪ್ರಶ್ನೆಯ ಹಿಂದೆ ಒಂದು ಸ್ಕೂಟರಿನ ಆತ್ಮ ನಿಂತಿತ್ತು. ಗುಂಡಣ್ಣನವರು ಬೆವರಿದರು. "ನಡೆಯುತ್ತೆ ಸ್ವಾಮಿ, ಚೆನ್ನಾಗಿ ನಡೆಯುತ್ತೆ. ಇಲ್ಲೇ ಇರಲಿ ಅಂತ ನಾನೇ ನಿಲ್ಲಿಸಿದ್ದೀನಿ."

ಆ ಹೊತ್ತಿಗೇ ಸೊಸೈಟಿಯ ಕಾರ್ಯದರ್ಶಿ ತಾರಾನಾಥರು ಬಂದರು. ಉಡುಪಿಯ ಕಡೆಯವರು, ಸ್ಟೇಷನ್ ಬಳಿ ಹೋಟೆಲು ಇಟ್ಟವರು, ಯಾವ ಮಾತನ್ನಾದರೂ ಇಡ್ಲಿಯ ತಟ್ಟೆಯಂತೆ ಬೇಗ ಮುಗಿಸಿ ಎತ್ತಿಡುವ ಸ್ವಭಾವದವರು. ಕಟ್ಟಡದ ತಾರಸಿಯ ಮೇಲೆ ಮೊಬೈಲ್ ಟವರು ನಿಂತಿತ್ತು. ಅದರ ಜನರೇಟರನ್ನು ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಇಡಬೇಕಾಗಿತ್ತು. ಆ ಮೂಲೆಯಲ್ಲಿ ಇಸ್ತ್ರಿಯ ಚಂದ್ರಬಾಯಿಯ ಮೇಜು ಇತ್ತು. ವಿಜಯಪುರದ ಕಡೆಯಿಂದ ಬಂದ ಆ ಹೆಂಗಸು ಇದ್ದಲಿನ ಪೆಟ್ಟಿಗೆ ಹಿಡಿದು ಇಡೀ ಕಟ್ಟಡದ ಅಂಗಿಗಳನ್ನು ನೆಟ್ಟಗೆ ಮಾಡುತ್ತ ಆ ಮೂಲೆಯಿಂದಲೇ ತನ್ನ ಹೊಟ್ಟೆ ಹೊರೆಯುತ್ತಿದ್ದಳು. ಟವರಿನ ಬಾಡಿಗೆ ಬಂದರೆ ಎಲ್ಲರ ತಿಂಗಳ ಮೇಂಟೆನೆನ್ಸ್ ಇಳಿಯುತ್ತದೆಂದು, ಮೇಜನ್ನು ಎತ್ತಿಸಲು ಸದಸ್ಯರೆಲ್ಲರೂ ಒಪ್ಪಿ ಸಹಿ ಹಾಕಿದ್ದರು. ಗುಂಡಣ್ಣನವರೂ ಹಾಕಿದ್ದರು. ಅಂದು ಅವರು ತೊಟ್ಟಿದ್ದ ಅಂಗಿಗೆ ಇಸ್ತ್ರಿ ಹಾಕಿದವಳೂ ಅವಳೇ ಎಂಬುದನ್ನು ಇಲ್ಲಿ ಬರೆದಿಡಲೇಬೇಕು.

"ಎಂತ ಗುಂಡಣ್ಣನವರೇ, ಕಾರು ಹೀಗೆ ಅಡ್ಡ ಹಾಕಿದ್ದೀರಿ?" ಎಂದರು ತಾರಾನಾಥರು. "ನಾಳೆ ವಿಜಯದಶಮಿ, ಒಳ್ಳೇ ಮುಹೂರ್ತಕ್ಕೆ ಜನರೇಟರ್ ಲಾರಿ ಬರ್ತದೆ. ಸ್ವಲ್ಪ ಹಿಂದೆ ತೆಗೀರಿ ಮಾರಾಯ್ರೆ."

"ತೆಗೆಯೋದಿಲ್ಲ."

"ಎಂತದು?"

"ತೆಗೆಯೋಕೆ ಆಗೋದಿಲ್ಲ ಅಂತ ಅಲ್ಲ. ತೆಗೆಯೋದಿಲ್ಲ."

ಕಾರಣ ಹೇಳಬೇಕಾಯಿತು. ಕಾರಣ ಇರಲಿಲ್ಲ. ಗುಂಡಣ್ಣನವರ ಕಣ್ಣು ಅತ್ತಿತ್ತ ಹೊರಳಿ, ಮೂಲೆಯಲ್ಲಿ ಅವರದೇ ಪ್ಯಾಂಟಿನ ಮೇಲೆ ನೀರು ಚಿಮುಕಿಸುತ್ತ ನಿಂತಿದ್ದ ಚಂದ್ರಬಾಯಿಯ ಮೇಲೆ ಬಿತ್ತು.

"ಈ ಹೆಂಗಸಿನ ಅನ್ನ ಕಿತ್ತುಕೊಳ್ಳೋದಕ್ಕೆ ಬರೋ ಲಾರಿಗೆ ನನ್ನ ಕಾರು ದಾರಿ ಬಿಡೋದಿಲ್ಲ!" ಎಂದು ಅವರು ಗರ್ಜಿಸಿದರು. "ಇದು ನನ್ನ ಜಾಗ. ನನ್ನ ಹೆಸರಲ್ಲಿ ಬರೆದುಕೊಟ್ಟ ಜಾಗದಲ್ಲಿ ಇರೋದನ್ನ ಕಮಿಟಿಯಲ್ಲ, ಬ್ರಹ್ಮ ಬಂದರೂ ಎಬ್ಬಿಸೋ ಹಾಗಿಲ್ಲ!"

ಚಂದ್ರಬಾಯಿಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಪ್ಯಾಂಟಿನ ಮೇಲೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತು ಸಣ್ಣಗೆ ಹೊಗೆ ಬಂತು. ನೆಲಮಹಡಿಯ ಬಾಗಿಲು ದಢಾರನೆ ತೆರೆದು ಪಾಟಣ್ಕರ್ ಕಾಕಾ ಹೊರಬಂದರು. ಇವರು ಬೆಳಗಾವಿಯಲ್ಲಿ ಹುಟ್ಟಿ, ಗಿರಣಿ ಕಾರ್ಮಿಕರ ಸಂಘದಲ್ಲಿ ಆಯುಷ್ಯ ಕಳೆದು, ಗಿರಣಿಗಳೂ ಸಂಘವೂ ಮುಗಿದ ಮೇಲೆ ಘೋಷಣೆ ಕೂಗಲು ಸಂದರ್ಭವಿಲ್ಲದೆ ಸೊರಗುತ್ತಿದ್ದವರು. ಮೇಜು ಎತ್ತಿಸುವ ಕಾಗದಕ್ಕೆ ಮೊದಲ ಸಹಿ ಇವರದೇ.

"ಅರೇ ವ್ವಾ! ಗುಂಡಣ್ಣ ಸಾಹೇಬ್ರ, ನಿಮ್ಮೊಳಗ ಇಂಥಾ ಹುಲಿ ಅಡಗೈತಿ ಅಂತ ನಮಗ ಗೊತ್ತs ಇರಲಿಲ್ಲ ನೋಡ್ರಿ! ನಾನು ನಿಮ್ಮ ಸಂಗಾಟ ಇದ್ದೇನಿ. ಆಂದೋಲನ ಚಾಲೂ!"

"ಆಂದೋಲನ ಏನೂ ಬೇಡ ಕಾಕಾ…"

"ವಿನಯಾ ಬ್ಯಾಡ್ರಿ. ಒಂದು ಚಾದರ ತರಸ್ರಿ, ಕೂಡೂಣು."

ಹೀಗೆ ತುಕ್ಕು ಹಿಡಿದ ಬ್ರೇಕೊಂದು ತತ್ತ್ವವಾಯಿತು. ನಮ್ಮ ದೇಶದ ಎಷ್ಟು ತತ್ತ್ವಗಳ ಒಳಗೆ ಇಂಥ ಬ್ರೇಕು ಅಡಗಿದೆಯೋ, ಬಿಚ್ಚಿ ನೋಡಿದವರಾರು?

ಮರುದಿನ ಲಾರಿ ಬಂತು. ತಾರಾನಾಥರು ತಮ್ಮ ಹೋಟೆಲಿನ ಆರು ಜನ ಗಟ್ಟಿಮುಟ್ಟಾದ ಕೆಲಸಗಾರರನ್ನು ಕರೆತಂದು, "ತಳ್ಳಿ, ಪಕ್ಕಕ್ಕೆ ಹಾಕಿ" ಎಂದರು. ಕೆಲಸಗಾರರು ತಳ್ಳಿದರು. ಕಾರು ಕದಲಲಿಲ್ಲ. ಐಸಾ ಎಂದು ತಳ್ಳಿದರು. ಕದಲಲಿಲ್ಲ. ಚೆಂಡುಹೂವಿನ ಹಾರ ಮಾತ್ರ ಅಲ್ಲಾಡಿತು.

"ನೋಡ್ರಿ, ನೋಡ್ರಿ!" ಎಂದು ಪಾಟಣ್ಕರ್ ಕಾಕಾ ಚಾದರದ ಮೇಲಿಂದ ಎದ್ದು ಕೂಗಿದರು. "ಆರು ಮಂದಿ ನೂಕಿದರೂ ಹಂದವಲ್ದು. ಇದು ಗಾಡಿ ಅಲ್ಲ, ಇದು ನೈತಿಕ ಬಲ!"

ಲಾರಿಯವನು, ಮುಂದಿನ ಭಾನುವಾರ ಬರುತ್ತೇನೆ, ಅಷ್ಟರೊಳಗೆ ನಿಮ್ಮ ನೈತಿಕ ಬಲವನ್ನು ಸರಿಸಿಡಿ ಎಂದು ಹೇಳಿ ಹಿಂದಿರುಗಿದ. ಸದಸ್ಯರು ಚಪ್ಪಾಳೆ ತಟ್ಟಿದರು. ಮೇಜು ಎತ್ತಿಸಲು ಸಹಿ ಹಾಕಿದ ಕೈಗಳೇ ಅವು. ಆ ಕೈಗಳಿಗೆ ನಾಚಿಕೆ ಎಂಬುದು ಇದ್ದಿದ್ದರೆ ಅವು ಚಪ್ಪಾಳೆಯ ನಡುವೆ ತಡವರಿಸಬೇಕಾಗಿತ್ತು, ತಡವರಿಸಲಿಲ್ಲ. ವಾರ್ಡಿನ ನಗರಸೇವಕರೊಬ್ಬರು ಬಂದು ಕಾರಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಚಂದ್ರಬಾಯಿಯನ್ನು ಫೋಟೋದಲ್ಲಿ ಸೇರಿಸಿಕೊಳ್ಳಲು ಮರೆತು, ಮತ್ತೆ ಕರೆದು, ಅವಳ ಪಕ್ಕದಲ್ಲಿ ನಿಂತಾಗ ಯಾರೋ ಅಡ್ಡ ಬಂದುದರಿಂದ, ಕೊನೆಗೂ ಅವಳಿಲ್ಲದೆ ಹೊರಟುಹೋದರು.

ಚಂದ್ರಬಾಯಿ ಮಾತ್ರ ಇದನ್ನೆಲ್ಲ ಅಕ್ಷರಶಃ ನಂಬಿದಳು. ನಂಬುವುದು ಅವಳಿಗೆ ಅನಿವಾರ್ಯವಾಗಿತ್ತು. ಆ ಮೂಲೆ ಹೋದರೆ ಅವಳಿಗೆ ಈ ಊರಿನಲ್ಲಿ ಬೇರೆ ಮೂಲೆಯಿರಲಿಲ್ಲ. ಟಿಟ್ವಾಳಾದ ಆಚೆಯಿಂದ ದಿನವೂ ಬರುವವಳು ಮೇಜನ್ನು ರೈಲಿನಲ್ಲಿ ಹೊತ್ತು ತರಲಾದೀತೆ? ಅವಳು ಗುಂಡಣ್ಣನವರ ಅಂಗಿಗಳಿಗೆ ಬಿಟ್ಟಿಯಾಗಿ ಇಸ್ತ್ರಿ ಹಾಕತೊಡಗಿದಳು. "ಸಾಹೇಬ್ರ, ಆ ಜಾಗಾ ನಿಮ್ಮ ಹೆಸರಿಗೆ ಐತಿ ಅಂದ್ರಲ್ಲ, ಖರೇನs? ಬ್ರಹ್ಮ ಬಂದರೂ ಎಬ್ಬಸಾಂಗಿಲ್ಲ?"

"ಎಬ್ಬಿಸೋ ಹಾಗಿಲ್ಲ," ಎಂದರು ಗುಂಡಣ್ಣನವರು, ಗರಿಗರಿಯಾದ ಕಾಲರಿನೊಳಗೆ ಕುತ್ತಿಗೆ ತೂರಿಸುತ್ತ.

ಮನೆಯೊಳಗೆ ಸುಬ್ಬಲಕ್ಷ್ಮಿಯವರು ಸುಮ್ಮನಿರಲಿಲ್ಲ. "ಕಾರು ಕೆಟ್ಟಿದೆ ಅಂತ ಹೇಳಿಬಿಡಿ ರೀ. ಸುಳ್ಳು ಹೇಳಿಕೊಂಡು ಹಾರ ಹಾಕಿಸ್ಕೊಳ್ತೀರಲ್ಲ, ಕತ್ತು ಉರಿಯಲ್ವ?"

"ಹೇಳಿದರೆ ಭಂಗಾರ್. ಜಾಗ ಹೋಗುತ್ತೆ. ನಿರ್ಣಯ ಇದೆ."

"ಯಾರು ಮಾಡಿದ್ದು ಆ ನಿರ್ಣಯ?"

ಈ ಪ್ರಶ್ನೆಗೆ ಉತ್ತರ ಕೊಡುವ ಬದಲು ಗುಂಡಣ್ಣನವರು ಕಳವಾ ಎಂಬ ಊರಿನಲ್ಲಿದ್ದ ಗುರುವಪ್ಪನಿಗೆ ಫೋನು ಮಾಡಿದರು. ಗುರುವಪ್ಪ ಮೆಕ್ಯಾನಿಕ್. ಬಂಟ್ವಾಳದ ಕಡೆಯವನು; ತನ್ನ ಕೈ ತಾಗದ ಗಾಡಿ ಥಾಣೆ ಜಿಲ್ಲೆಯಲ್ಲಿ ಇಲ್ಲವೆಂದು ಹೇಳಿಕೊಳ್ಳುತ್ತಿದ್ದ. ತಾಗಿದ ಮೇಲೆ ಆ ಗಾಡಿಗಳ ಗತಿ ಏನಾಯಿತೆಂದು ಹೇಳುತ್ತಿರಲಿಲ್ಲ. ಲಾರಿ ಬರಬೇಕಾಗಿದ್ದ ಭಾನುವಾರವೇ, ಹೆಂಡತಿಯ ಕಡೆಯ ನೆಂಟನೆಂಬ ವೇಷದಲ್ಲಿ ಅವನನ್ನು ಊಟಕ್ಕೆ ಕರೆಸಲಾಯಿತು. ಹೋಳಿಗೆ ತಿಂದು ಕೈ ತೊಳೆದು, ಇಡೀ ಕಟ್ಟಡ ಮಧ್ಯಾಹ್ನದ ನಿದ್ದೆಗೆ ಜಾರಿದ ಹೊತ್ತಿನಲ್ಲಿ ಗುರುವಪ್ಪ ಸುತ್ತಿಗೆಯೊಂದಿಗೆ ಕೆಳಗಿಳಿದ.

"ಇದು ಗೇರ್‌ಬಾಕ್ಸ್ ಸರ್. ಹೋಗಿಬಿಟ್ಟಿದೆ," ಎಂದ ಕಾರನ್ನು ಮುಟ್ಟುವ ಮೊದಲೇ.

"ಮುಂದಿನ ಚಕ್ರ ತಿರುಗುತ್ತೆ ಕಣಪ್ಪ. ಹಿಂದಿನದು ತಿರುಗಲ್ಲ."

"ಹಾಗಾದ್ರೆ ಎಕ್ಸೆಲ್ ಬೆಂಡ್ ಆಗಿದೆ." ಜಾಕ್ ಹಾಕಿ ಹಿಂದಿನ ಚಕ್ರವನ್ನು ಎತ್ತಿದ. ಎರಡು ಕೈಯಿಂದ ತಿರುಗಿಸಿದ. ತಿರುಗಲಿಲ್ಲ. ಹ್ಯಾಂಡ್‌ಬ್ರೇಕಿನ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದ. ಅದು ಸಲೀಸಾಗಿ ಆಡಿತು. ಚಕ್ರ ಹಾಗೇ ಇತ್ತು. "ನಾನು ಆಗಲೇ ಹೇಳಿದೆನಲ್ಲ ಸರ್, ಬ್ರೇಕ್ ಕಚ್ಚಿಕೊಂಡಿದೆ," ಎಂದ. ಹಾಗೆ ಅವನು ಹೇಳಿರಲಿಲ್ಲ. ಆದರೆ ಗುಂಡಣ್ಣನವರು ಸತ್ಯಾಸತ್ಯಗಳ ಬಗ್ಗೆ ವಾದ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಯಾರಾದರೂ ನೋಡಿಯಾರೆಂದು ಅವರು ಕಾರಿನ ಹೊದಿಕೆಯನ್ನು ತಂದು ಕಾರಿನ ಮೇಲೂ ಜಾಕಿನ ಮೇಲೂ ಮೆಕ್ಯಾನಿಕ್ಕಿನ ಮೇಲೂ ಸೇರಿಸಿ ಹೊದಿಸಿಬಿಟ್ಟರು. ಎರಡು ಪಾದಗಳು ಮಾತ್ರ ಹೊರಗೆ ಉಳಿದವು.

ಚಹಾದ ಹೊತ್ತಿಗೆ ಎದ್ದ ಪಾಟಣ್ಕರ್ ಕಾಕಾ ಕಿಟಕಿಯಿಂದ ಕಂಡದ್ದು ಆ ಪಾದಗಳನ್ನು.

"ಅಯ್ಯೋ, ಬಂದು ನೋಡ್ರೋ! ಒಬ್ಬಾಂವ ಗಾಲಿ ಬುಡಕ ಮಲಗ್ಯಾನ! ಜೀವಾ ಕೊಡಾಕ ತಯಾರಾಗ್ಯಾನ!"

ಕಟ್ಟಡ ಎದ್ದು ಬಂತು. ಹೆಂಗಸರು ಪಾದಗಳಿಗೆ ಕುಂಕುಮ ಹಚ್ಚಿದರು. ಪಾಟಣ್ಕರ್ ಕಾಕಾ ಕಾರಿನ ಒಣಗಿದ ಹಾರವನ್ನೇ ತೆಗೆದು ಎರಡೂ ಪಾದಗಳಿಗೆ ಸೇರಿಸಿ ಸುತ್ತಿದರು. ಒಳಗಿನಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು ಬರುತ್ತಿತ್ತು.

"ಅದು ಏನ್ ಸಪ್ಪಳ?" ಎಂದು ಮೇಲಿನಿಂದ ಸೈದಪ್ಪನವರು ಕೇಳಿದರು.

"ತಾಳ ಹಾಕ್ತಿದ್ದಾರೆ," ಎಂದರು ಗುಂಡಣ್ಣನವರು. ಯಂತ್ರಕ್ಕೆ ಶಿಸ್ತು ಕಲಿಸಿದವರು ನಾಲಿಗೆಗೆ ಕಲಿಸಿರಲಿಲ್ಲ. "ಭಜನೆಯ ತಾಳ."

ಯಾರೋ ಫೋನು ಮಾಡಿ ಹವಾಲ್ದಾರರೊಬ್ಬರೂ ಬಂದರು. ಲಾಠಿಯಿಂದ ಹೊದಿಕೆಯನ್ನು ತಟ್ಟಿ, "ಏಯ್, ಬಾಹೇರ್ ಯೇ!" ಎಂದರು.

"ಕೆಲಸ ಮುಗಿಯದೆ ಬರುವುದಿಲ್ಲ!" ಎಂದು ಗುರುವಪ್ಪ ಒಳಗಿನಿಂದ ಅರಚಿದ. "ಇನ್ನೊಂದು ಚಕ್ರ ಬಾಕಿ ಉಂಟು!"

"ಕೇಳಿದ್ರೇನು? ಇದಕ್ಕ ಅಂತಾರ ನಿಷ್ಠಾ!" ಪಾಟಣ್ಕರ್ ಕಾಕಾರ ಕಣ್ಣಲ್ಲಿ ನೀರು ಬಂತು. ಹವಾಲ್ದಾರರು ಟೋಪಿ ಸರಿಪಡಿಸಿಕೊಂಡು, ಇಂಥ ನಿಷ್ಠೆಗೆ ಯಾವ ಕಲಮು ಹಚ್ಚಬೇಕೆಂದು ತಿಳಿಯದೆ, ಕೊಟ್ಟ ಚಹಾವನ್ನು ಕುಡಿದು ನಿಂತರು. ಚಂದ್ರಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಎಂದೂ ಕಾಣದ ಈ ಮನುಷ್ಯ ತನ್ನ ಮೇಜಿಗಾಗಿ ಚಕ್ರದ ಬುಡದಲ್ಲಿ ಮಲಗಿದ್ದಾನಲ್ಲ ಎಂದು ಆ ಪಾದಗಳಿಗೆ ಕೈ ಮುಗಿದಳು. ಇದನ್ನು ಬರೆಯುವಾಗ ಸಿಟ್ಟು ಬಾರದಿರದು.

ಎರಡನೆಯ ಡ್ರಮ್ಮು ದೊಡ್ಡ ಸದ್ದಿನೊಂದಿಗೆ ಬಿಟ್ಟುಕೊಂಡಿತು. ಗುರುವಪ್ಪ ಚಕ್ರ ಬಿಗಿದು, ಜಾಕ್ ಇಳಿಸಿ, ಕಾಲಿಗೆ ಹಾರ, ಮೈಗೆಲ್ಲ ತುಕ್ಕು ಸಹಿತ ಹೊರಬಂದು, "ಓಡಿಸಿ ನೋಡಿ ಸರ್, ಬೆಣ್ಣೆ!" ಎಂದ.

ಇಲ್ಲಿಗೆ ಗುಂಡಣ್ಣನವರ ಬುದ್ಧಿ ಪೂರ್ತಿ ನಿಂತಿತು, ಕಾರು ಓಡತೊಡಗಿತು. ಒಂದು ವಾರದಿಂದ ಮೂರನೆಯ ಮಹಡಿಯ ಕಿಟಕಿಯನ್ನು ಹೊತ್ತು ತಿರುಗಿದ ಮನಸ್ಸಿಗೆ ಈಗ ಒಂದೇ ಆಸೆ: ಈ ಕಾರು ನಡೆಯುತ್ತದೆಂದು ಜಗತ್ತು ನೋಡಬೇಕು. ಅವರು ಹೊದಿಕೆ ಕಿತ್ತೆಸೆದು, ಗುರುವಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾರನ್ ಒತ್ತುತ್ತ, ಸೈದಪ್ಪನವರ ಕಿಟಕಿಯ ಕಡೆಗೆ ಕೈ ಬೀಸುತ್ತ ಗೇಟಿನಿಂದ ಹೊರಬಿದ್ದರು. ಜನ ಅದನ್ನು ವಿಜಯಯಾತ್ರೆ ಎಂದು ತಿಳಿದು ಬೀದಿಯವರೆಗೆ ಓಡಿ ಜೈಕಾರ ಹಾಕಿದರು. ಬೀದಿಯ ತಿರುವಿನಲ್ಲಿ ತಾರಾನಾಥರು ಲಾರಿಯ ಪಕ್ಕದಲ್ಲಿ ಕಾದು ನಿಂತಿದ್ದರು. ಕಾರು ತಮ್ಮನ್ನು ದಾಟಿ ಹೋದದ್ದೇ ತಡ, "ಹೋಗಲಿ, ಬೇಗ, ಒಳಗೆ!" ಎಂದು ಲಾರಿಯವನಿಗೆ ಕೈ ಮಾಡಿದರು.

ಮಾನ್ಪಾಡಾ ರಸ್ತೆಯುದ್ದಕ್ಕೂ ಗುಂಡಣ್ಣನವರು ಕಾರಣವಿಲ್ಲದೆ ಬ್ರೇಕು ಒ‌ತ್ತಿ, ಕಾರು ನಿಂತದ್ದನ್ನು ಕಂಡು ನಕ್ಕು, ಮತ್ತೆ ಓಡಿಸಿ, ಮತ್ತೆ ಒತ್ತಿದರು. ಹಿಂದಿನ ರಿಕ್ಷಾಗಳವರು ಅವರ ತಾಯಿತಂದೆಯರನ್ನು ನೆನೆದರು.

"ಇನ್ನು ಕಚ್ಚಿಕೊಳ್ಳುವುದಿಲ್ಲ ತಾನೇ?"

"ಕಚ್ಚಿಕೊಳ್ಳಲಿಕ್ಕೆ ಉಂಟಾ ಸರ್? ಹ್ಯಾಂಡ್‌ಬ್ರೇಕಿನ ಕೇಬಲನ್ನೇ ಕತ್ತರಿಸಿ ಹಾಕಿದ್ದೇನೆ. ರೋಗದ ಬೇರೇ ಇಲ್ಲ. ಕಾಲಿನ ಬ್ರೇಕು ಉಂಟಲ್ಲ, ಸಾಕು." ಅವನ ಕೈ ತಾಗಿದ ಗಾಡಿಗಳ ಗತಿ ಏನಾಗುತ್ತಿತ್ತೆಂದು ಈಗ ತಿಳಿಯಬಹುದು. ಅವನನ್ನು ಸ್ಟೇಷನ್ನಿನಲ್ಲಿ ಇಳಿಸಿ ಗುಂಡಣ್ಣನವರು ಹಾಡಿಕೊಳ್ಳುತ್ತ ಮರಳಿದರು.

ನವಚೈತನ್ಯದ ಗೇಟು ಒಂದು ಏರಿನ ಮೇಲಿದೆ. ಕೆಳಗೆ ಬೀದಿ, ಬೀದಿಯ ಆಚೆ ಗಟಾರ. ಕಾರು ಏರು ಹತ್ತಿ ಗೇಟಿನಲ್ಲಿ ಮೂತಿ ತೂರಿಸಿತು; ಅಲ್ಲಿಯೇ ಗುಂಡಣ್ಣನವರು ಬ್ರೇಕು ಒತ್ತಬೇಕಾಯಿತು. ಮೆಟ್ಟಿಲ ಮೂಲೆಯಲ್ಲಿ ಹಸಿರು ಜನರೇಟರು ಕೂತಿತ್ತು. ತಮ್ಮ ಜಾಗದಲ್ಲಿ, ಎರಡು ಕಪ್ಪು ಗೆರೆಗಳ ನೆತ್ತಿಯ ಮೇಲೆ, ಇಸ್ತ್ರಿಯ ಮೇಜು ನಿಂತಿತ್ತು. ಅದರ ಒಂದು ಗಿಡ್ಡ ಕಾಲಿಗೆ ಇಟ್ಟಿಗೆಯೊಂದು ಆಸರೆಯಾಗಿತ್ತು. ಮೇಜಿನ ಹಿಂದೆ ಚಂದ್ರಬಾಯಿ. ಮೂಲೆಯಿಂದ ಎಳೆದು ಹಾಕಿದಾಗ ಚೆಲ್ಲಿದ ಇದ್ದಲನ್ನು ಆರಿಸಿ ಮತ್ತೆ ಪೆಟ್ಟಿಗೆಗೆ ತುಂಬಿಸುತ್ತಿದ್ದಳು.

ಇಳಿದು ಹೋಗಿ ಮಾತಾಡಬೇಕು. ಆದರೆ ಇಳಿಯಲು ಬ್ರೇಕಿನಿಂದ ಕಾಲು ತೆಗೆಯಬೇಕು; ತೆಗೆದರೆ ಕಾರು ಗಟಾರಕ್ಕೆ. ಗೇರು ಹಾಕಿ ನಿಲ್ಲಿಸಬಹುದೆಂಬುದು ವರ್ಷಕ್ಕೊಮ್ಮೆ ಓಡಿಸುವವರಿಗೆ ಹೊಳೆಯಲಿಲ್ಲ. ಗುಂಡಣ್ಣನವರು ಕಾಲನ್ನು ಪೆಡಲಿಗೆ ಅದುಮಿ, ಗಾದಿಯ ಮೇಲೆ ರಾಜರಂತೆ ನೆಟ್ಟಗೆ ಕೂತರು. ಹಿಂದೆ ರಿಕ್ಷಾವೊಂದು ಹಾರನ್ ಹಾಕತೊಡಗಿತು.

ಚಂದ್ರಬಾಯಿಯೇ ಕಿಟಕಿಯ ಬಳಿಗೆ ಬಂದಳು. "ಏನ್ ಸಾಹೇಬ್ರ, ಮೆರವಣಿಗಿ ಮುಗೀತೇನು? ನನ್ನ ಮೂಲಿ ಹೋತು. ನೀವು ಗಾಡಿ ತಗೊಂಡು ಊರು ಮೆರಿಯಾಕ ಹೋದ್ರಿ, ಇವರು ಮೇಜು ಎತ್ತಿ ಒಗದ್ರು. ಚಪ್ಪಾಳಿ ಹೊಡದ ಒಂದು ಮಗಾನೂ ಬಾಯಿ ಬಿಡಲಿಲ್ಲ. ನೀವs ಹೇಳಿದ್ರಿ, ಈ ಜಾಗಾ ನಿಮ್ಮ ಹೆಸರಿಗೆ ಐತಿ, ಇಲ್ಲಿರೂದನ್ನ ಬ್ರಹ್ಮ ಬಂದರೂ ಎಬ್ಬಸಾಂಗಿಲ್ಲ ಅಂತ. ಅದಕ್ಕ ಇಲ್ಲಿ ಇಟ್ಟೇನಿ. ಈಗ ನೀವs ಎಬ್ಬಸ್ರಿ, ನೋಡೂಣು."

"ಗುಂಡಣ್ಣನವರೇ," ಎಂದರು ತಾರಾನಾಥರು ಇನ್ನೊಂದು ಕಿಟಕಿಯಿಂದ, "ನಿಮ್ಮ ಜಾಗ ನಿಮ್ಮದೇ. ಒಂದು ಮಾತು ಹೇಳಿ ಸಾಕು, ನಮ್ಮ ಹುಡುಗರು ಎತ್ತಿ ರೋಡಿಗೆ ಹಾಕ್ತಾರೆ."

"ಹೌದೌದು, ಹಕ್ಕು ಅಂದ್ರ ಹಕ್ಕು," ಎಂದು ಧ್ವನಿಗೂಡಿಸಿದವರು ಬೇರಾರೂ ಅಲ್ಲ, ಪಾಟಣ್ಕರ್ ಕಾಕಾ. "ಸಾಹೇಬ್ರ ತ್ಯಾಗಾ ಮಾಡ್ಯಾರ ಖರೆ, ಆದರ ಪಾರ್ಕಿಂಗಿಗೆ ಕೈ ಹಾಕಿದ್ರ ಹೆಂಗ? ನಾಳೆ ನನ್ನ ಬಾಗಿಲಕ್ಕ ಇಡತಾಳ."

"ಎಬ್ಸಿ ಎಬ್ಸಿ," "ಹಟಾವ್ ನಾ," "ಬಡವರಿಗೆ ಸಲಿಗೆ ಕೊಟ್ಟರೆ ಹೀಗೇ," ಎಂಬ ಮಾತುಗಳು ಮಹಡಿ ಮಹಡಿಯಿಂದ ಬಿದ್ದವು. ಒಂದು ಗಂಟೆಯ ಹಿಂದೆ ಪಾದಕ್ಕೆ ಕುಂಕುಮ ಹಚ್ಚಿದ್ದ ಬಾಯಿಗಳೇ, ಕೈಗಳೇ, ಮುಖಗಳೇ. ಹಿಂದಿನ ರಿಕ್ಷಾದವನು ಇಳಿದು ಬಂದು ಬೈಯತೊಡಗಿದ. ಗುಂಡಣ್ಣನವರ ಕಾಲು ಪೆಡಲಿನ ಮೇಲೆ ನಡುಗುತ್ತಿತ್ತು. ಅವರ ಕಣ್ಣು ಮೇಲಕ್ಕೆ ಹೋಯಿತು: ತಮ್ಮ ಮನೆಯ ಕಿಟಕಿಯಲ್ಲಿ ಸುಬ್ಬಲಕ್ಷ್ಮಿಯವರು, ಕೈಯಲ್ಲಿ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗಂಟು ಹಿಡಿದು, ಕೆಳಗೆ ನೋಡುತ್ತಿದ್ದರು.

ಗುಂಡಣ್ಣನವರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬರುವುದು ಹೊಸದಲ್ಲ. ಸಕಾರಣವಾಗಿ ಬಂದದ್ದು ಹೊಸದು.

"ಮುಚ್ಚಿ ಬಾಯಿ, ಎಲ್ಲರೂ!" ಎಂದು ಕಾರಿನೊಳಗಿಂದಲೇ ಕಿರುಚಿದರು. "ಕೆಲಸ ಮಾಡದೆ ನಿಂತದ್ದನ್ನ ಹೊರಗೆ ಹಾಕಬೇಕು ಅಂತ ಬರೆದೋನು ನಾನು. ಆ ಮೇಜು ಕೆಲಸ ಮಾಡ್ತಿದೆ! ಕೆಲಸ ಮಾಡದೆ ನಿಂತಿದ್ದದ್ದು ಈ ಕಾರು. ಕೆಟ್ಟಿತ್ತು ಇದು! ತುಕ್ಕು ಹಿಡಿದಿತ್ತು! ನ್ಯಾಯಕ್ಕೋಸ್ಕರ ನಿಂತಿರಲಿಲ್ಲ, ಬ್ರೇಕು ಕಚ್ಚಿಕೊಂಡು ನಿಂತಿತ್ತು! ಕೆಳಗೆ ಮಲಗಿದ್ದೋನು ಮೆಕ್ಯಾನಿಕ್ಕು! ನಾನು ಸುಳ್ಳ, ನೀವೆಲ್ಲ ನನಗಿಂತ ದೊಡ್ಡ ಸುಳ್ಳರು! ಜಾಗ ನನ್ನ ಹೆಸರಲ್ಲಿದೆ, ಆ ಮೇಜು ಅಲ್ಲೇ ಇರುತ್ತೆ. ಹೊರಗೆ ಹೋಗಬೇಕಾದ್ದು ಕಾರು. ಹೋಗ್ತಾ ಇದೆ, ಸರೀರಿ!"

ಪಾಟಣ್ಕರ್ ಕಾಕಾ ಎರಡೂ ಕೈ ಎತ್ತಿ ಜನರ ಕಡೆಗೆ ತಿರುಗಿದರು.

"ಕೇಳಿದ್ರೇನು? ಇಷ್ಟೆಲ್ಲಾ ಮಾಡಿ, ಗಾಡಿ ಕೆಟ್ಟಿತ್ತು ಅಂತಾರ! ಎಂಥಾ ವಿನಯಾ!"

ಚಪ್ಪಾಳೆ ಗುಡುಗಿತು. ಮೂರನೆಯ ಮಹಡಿಯಿಂದ ಸೈದಪ್ಪನವರೂ ತಟ್ಟಿದರು. ವಾರವಿಡೀ ಸುಳ್ಳನ್ನು ಸತ್ಯವೆಂದು ನಂಬಿದ ಜನ, ಸತ್ಯವನ್ನು ಕೇಳಿದ ಕೂಡಲೇ ಅದನ್ನು ಅಲಂಕಾರವೆಂದು ತಿಳಿದರು. ಜನರೇಟರು ಹೇಗೂ ಕೂತಾಗಿದ್ದುದರಿಂದ ತಾರಾನಾಥರು, "ಆಯ್ತು ಮಾರಾಯ್ರೆ, ನಿಮ್ಮ ಜಾಗ, ನಿಮ್ಮ ಮೇಜು," ಎಂದು ತಾವೂ ನಾಲ್ಕು ತಟ್ಟು ತಟ್ಟಿ ಹೋಟೆಲಿಗೆ ಹೋದರು. ಗಮನಿಸಬೇಕು: ಚಪ್ಪಾಳೆಗೆ ಎಲ್ಲರ ಬಳಿಯೂ ಕೈಯಿತ್ತು, ಒಂದು ಕಾರು ನಿಲ್ಲುವಷ್ಟು ಜಾಗ ಯಾರ ಬಳಿಯೂ ಇರಲಿಲ್ಲ.

ಗುಂಡಣ್ಣನವರು ಕಾರನ್ನು ಹಿಂದಕ್ಕೆ ಬಿಟ್ಟು, ಇಳಿಜಾರು ಬೀದಿಯ ಬದಿಗೆ ತಂದು ನಿಲ್ಲಿಸಿದರು. ನಿಲ್ಲಿಸಿದರು ಎಂದರೆ, ಕಾಲು ಪೆಡಲಿನ ಮೇಲಿರುವಷ್ಟು ಹೊತ್ತು ಅದು ನಿಂತಿತ್ತು. ಸಂಜೆಯಾಯಿತು. ಜನ ಟೀವಿಗೆ ಹೋದರು. ಕಾಲು ಜೋಮು ಹಿಡಿಯಿತು. ಯಾರನ್ನಾದರೂ ಕರೆಯೋಣವೆಂದರೆ, ಇನ್ನೊಮ್ಮೆ ಚಪ್ಪಾಳೆ ತಟ್ಟಿಯಾರೆಂಬ ಭಯ.

ಚಂದ್ರಬಾಯಿ ಬಂದು ನೋಡಿದಳು. ಅವರು ಇಳಿಯುತ್ತಿಲ್ಲವೇಕೆಂದು ಕೇಳಲಿಲ್ಲ. ಕಾರು ಇಷ್ಟಿಷ್ಟೇ ಹಿಂದಕ್ಕೆ ಜಾರುತ್ತಿದ್ದುದು ಅವಳಿಗೂ ಕಾಣುತ್ತಿತ್ತು. ಒಳಗೆ ಹೋಗಿ, ಮೇಜಿನ ಗಿಡ್ಡ ಕಾಲಿನ ಕೆಳಗಿದ್ದ ಇಟ್ಟಿಗೆಯನ್ನು ಎಳೆದು ತಂದು, ಹಿಂದಿನ ಚಕ್ರದ ಬುಡಕ್ಕೆ ಕಾಲಿನಿಂದ ಒದ್ದು ಸೇರಿಸಿದಳು. ಗುಂಡಣ್ಣನವರು ಮೆಲ್ಲನೆ ಕಾಲೆತ್ತಿದರು. ಕಾರು ನಿಂತಿತು.

"ಉಪಕಾರ ಆಯ್ತಮ್ಮ," ಎಂದರು, ಕುಂಟುತ್ತ ಇಳಿದು.

"ಉಪಕಾರ ಅಲ್ರಿ ಅದು, ಕೈಗಡ. ನಾಳೆ ಮುಂಜಾನೆ ಲೋಕಲಿಗೆ ಓಡೂಕಿಂತ ಮೊದಲ ನನ್ನ ಇಟ್ಟಂಗಿ ನನಗ ವಾಪಸ್ ಕೊಡ್ರಿ. ಮೇಜು ಅಲಗಾಡಿದ್ರ ಅಂಗಿ ಸುಡ್ತಾವು."

ಅವಳು ಗೇಟು ದಾಟಿ ಒಳಗೆ ಹೋದಳು. ಹಿರಿಯ ಲೆಕ್ಕಾಧಿಕಾರಿ ಗುಂಡಣ್ಣನವರು ಗರಿಗರಿಯಾದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಅಗೆದು ಮುಚ್ಚದೆ ಬಿಟ್ಟಿದ್ದ ಬೀದಿಯ ಬದಿಯಲ್ಲಿ ಬಗ್ಗಿ, ಚಕ್ರಕ್ಕೆ ಆಗುವಂಥ ಒಂದು ಕಲ್ಲನ್ನು ಹುಡುಕತೊಡಗಿದರು.